ಟಿಪ್ಸಿಗಾಗಿ ಬೈಗುಳ

ಆ ಹೋಟೆಲಿನಲ್ಲಿ ಬಡಿಸುವವಳಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಮೈಕು. ಅವಳು ಬಾಯಿ ತೆರೆದರೆ ಹನ್ನೆರಡು ಟೇಬಲಿಗೂ ಕೇಳಬೇಕು, ಬೀದಿಯಲ್ಲಿ ಹೋಗುವವನೂ ಒಮ್ಮೆ ತಿರುಗಿ ನೋಡಬೇಕು. ಅಂಥ ಗಂಟಲನ್ನು ದಂಡ ಮಾಡುವವಳಲ್ಲ ಅವಳು. ಅದರಿಂದಲೇ ಟಿಪ್ಸು ದುಡಿಯುತ್ತಿದ್ದಳು.

ಉಪಾಯವೇನೂ ದೊಡ್ಡದಲ್ಲ. ಊಟ ತಡವಾಗಿ ಗಿರಾಕಿಯ ಹುಬ್ಬು ಗಂಟಿಕ್ಕಿತೋ, ಮೈಕು ಸೊಂಟಕ್ಕೆ ಕೈಯಿಟ್ಟುಕೊಂಡು ಅಡುಗೆಮನೆಯ ಕಿಟಕಿಗೆ ಹೋಗಿ ಅಡುಗೆಯವಳ ಬೆವರಿಳಿಸುತ್ತಿದ್ದಳು. ಬೈಯುತ್ತ ಬೈಯುತ್ತಲೇ ಕಣ್ಣು ಹೊಡೆಯುತ್ತಿದ್ದಳು. ಒಳಗಿನವಳು ಬಾಣಲೆ ದಡಬಡ ಮಾಡಿ ತಾಳ ಹಾಕುತ್ತಿದ್ದಳು. ಪಾಪ, ನಮಗೋಸ್ಕರ ಇಷ್ಟು ಜಗಳವಾಡಿದಳಲ್ಲ ಎಂದು ಗಿರಾಕಿ ಕರಗಿ, ಏಳುವಾಗ ತಟ್ಟೆಯ ಕೆಳಗೆ ನೋಟು ಇಡುತ್ತಿದ್ದ.

ಅಡುಗೆಯವಳು ಬೇರೆ ಯಾರೂ ಅಲ್ಲ, ಮೈಕಿನ ಸ್ವಂತ ಅಣ್ಣನ ಹೆಂಡತಿ. ಮನೆಯಲ್ಲಿ ‘ಬನ್ನಿ ಅತ್ತಿಗೆ, ಕೂತ್ಕೊಳ್ಳಿ ಅತ್ತಿಗೆ’ ಎನ್ನುವ ಬಾಯಿ ಕಿಟಕಿಯ ಮುಂದೆ ‘ಏನೇ, ಕಿವುಡೇನೇ’ ಎನ್ನುತ್ತಿತ್ತು. ಆರು ವರ್ಷ ಈ ನಾಟಕ ನಡೆದಿತ್ತು. ಒಮ್ಮೆ ಅತ್ತಿಗೆ, ಬೈಸಿಕೊಳ್ಳುವುದೂ ಒಂದು ಕೆಲಸವೇ ಅಲ್ಲವೇ, ನನಗೂ ಒಂದಿಷ್ಟು ಕೊಡಬಾರದೇ ಎಂದು ನಗುನಗುತ್ತಲೇ ಕೇಳಿದ್ದಳು. ಮೈಕು ಅಷ್ಟೇ ನಗುನಗುತ್ತ, ನಿಮಗೆ ಸಂಬಳ ನನಗಿಂತ ಜಾಸ್ತಿ, ಟಿಪ್ಸು ನನ್ನ ಓಡಾಟಕ್ಕೆ ಎಂದು ಮಾತು ತೇಲಿಸಿಬಿಟ್ಟಳು. ಅತ್ತಿಗೆ ಮತ್ತೆ ಕೇಳಲಿಲ್ಲ. ಅಣ್ಣನ ಕೆಲಸ ಹೋಗಿ ಏಳು ತಿಂಗಳಾಗಿತ್ತು, ಅವರ ಮನೆ ನಡೆಯುತ್ತಿದ್ದುದು ಅದೇ ಸಂಬಳದಲ್ಲಿ. ಅದೂ ಮೈಕಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ಮಧ್ಯಾಹ್ನ ಐದನೇ ಟೇಬಲಿಗೆ ಒಬ್ಬ ಮುದುಕ, ಒಬ್ಬ ಮುದುಕಿ ಬಂದು ಸೂಪು, ಮೀನು ಹೇಳಿದರು. ಮೈಕು ಚೀಟಿ ಬರೆದಳು. ಅಷ್ಟರಲ್ಲಿ ಇನ್ನೊಂದು ಟೇಬಲಿನವರು ಕರೆದರು. ಅರ್ಧ ಗಂಟೆಯಾದರೂ ಸೂಪಿನ ಸುಳಿವಿಲ್ಲ. ಮುದುಕ ಗಡಿಯಾರ ನೋಡಿಕೊಂಡಿದ್ದೇ ತಡ, ಇವಳ ಕಾಲು ತಾನಾಗಿಯೇ ಕಿಟಕಿಯತ್ತ ನಡೆಯಿತು.

“ಒಳಗೇನು ನಿದ್ದೆ ಮಾಡ್ತಿದ್ದೀಯಾ? ಕೈಲಾಗ್ದಿದ್ರೆ ಮನೇಲಿ ಬಿದ್ಕೋ, ಯಾರು ಬೇಡ ಅಂದ್ರು?”

ಬಾಣಲೆ ಸದ್ದು ಮಾಡಲಿಲ್ಲ. ಅತ್ತಿಗೆ ಮೆಲ್ಲಗೆ, “ಯಾವ ಚೀಟಿ?” ಎಂದಳು.

ಮೈಕು ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಚೀಟಿ ಅಲ್ಲೇ ಇತ್ತು. ಅತ್ತಿಗೆ ಅದನ್ನು ಇಸಿದುಕೊಂಡು ಓದಿ ಒಲೆ ಹಚ್ಚಿದಳು. ಕಾಲು ಗಂಟೆಯಲ್ಲಿ ಸೂಪು, ಮೀನು ಎರಡೂ ಟೇಬಲಿನ ಮೇಲಿದ್ದವು. ಮೈಕು ಆ ಕಾಲು ಗಂಟೆ ಕಿಟಕಿಯ ಕಡೆ ತಲೆ ಎತ್ತಲಿಲ್ಲ.

ಮುದುಕ ಧಾರಾಳಿ. ದೊಡ್ಡ ನೋಟನ್ನೇ ಇಟ್ಟ. ಇಟ್ಟವನು ಸುಮ್ಮನೆ ಹೋಗಬಾರದೇ? ಕೌಂಟರಿನಲ್ಲಿ ನಿಂತು, ಬಡಿಸುವ ಹೆಂಗಸು ಅಪರಂಜಿ, ಅಡುಗೆಯವಳನ್ನು ಮಾತ್ರ ಬದಲಾಯಿಸಿ ಎಂದು ಯಜಮಾನನಿಗೆ ಬುದ್ಧಿ ಹೇಳಿದ. ಯಜಮಾನ ತಲೆಯಾಡಿಸಿದ. ಆಮೇಲೆ ಮೈಕನ್ನು ಹತ್ತಿರ ಕರೆದು, ನಾಳೆಯಿಂದ ಅವಳು ಬರುವುದು ಬೇಡ, ನೀನೇ ಹೇಳಿಬಿಡು ಎಂದ.

ಮೈಕು, ಅವಳೇನು ತಪ್ಪು ಮಾಡಿದಳು ಎಂದು ತೊದಲಿದಳು.

“ನಾನೇನು ಹೊಸದಾಗಿ ಹೇಳ್ತಿದ್ದೀನಾ? ಆರು ವರ್ಷದಿಂದ ದಿನಾ ನೀನೇ ಹೇಳ್ತಿರೋದು. ನಿಮ್ಮತ್ತಿಗೆ ಅಂತ ಇಷ್ಟು ದಿನ ಸುಮ್ನಿದ್ದೆ.”

ಅವನೂ ನಂಬಿದ್ದ! ನಾಲ್ಕು ಮಾರು ದೂರದಲ್ಲಿ ಕೂತು, ಕಣ್ಣು ಹೊಡೆಯುವುದು ಕಾಣದೆ, ಬೈಗುಳವನ್ನಷ್ಟೇ ಕೇಳಿಸಿಕೊಂಡಿದ್ದ. ಮೈಕಿಗೆ ತನ್ನ ಗಂಟಲಿನ ಮೇಲೆಯೇ ಹೇಸಿಗೆಯಾಯಿತು. ಸುಮ್ಮನಿದ್ದರೆ ಅತ್ತಿಗೆಯ ಕೆಲಸ ಹೋಗುತ್ತದೆ, ಬಾಯಿ ಬಿಟ್ಟರೆ ತನ್ನದೇ ಹೋದೀತು. ಮುದುಕ ಆಗಲೇ ಬಾಗಿಲಲ್ಲಿ ಹೆಂಡತಿಗೆ ಕೋಟು ತೊಡಿಸುತ್ತಿದ್ದ. ಮೈಕು ನೋಟನ್ನು ತಂದು ಕೌಂಟರಿನ ಮೇಲಿಟ್ಟಳು. ಅದೇ ಗಂಟಲು, ಹನ್ನೆರಡು ಟೇಬಲಿಗೂ ಕೇಳಿತು.

“ಚೀಟಿ ನನ್ ಜೇಬಲ್ಲೇ ಇತ್ತು. ಕೊಡೋಕೆ ಮರೆತಿದ್ದು ನಾನು. ಇವತ್ತೊಂದೇ ಅಲ್ಲ, ದಿನಾ ಬೈಯೋದೂ ನಾಟಕಾನೇ. ಟಿಪ್ಸು ಸಿಗ್ಲಿ ಅಂತ. ಅಡುಗೆ ಮಾಡೋರದ್ದು ಯಾವತ್ತೂ ತಪ್ಪಿರ್ಲಿಲ್ಲ.”

ಚಮಚಗಳೆಲ್ಲ ನಿಂತವು. ಯಜಮಾನ ಕೆಂಪಾದ. ಮುದುಕ ಹಿಂದಕ್ಕೆ ಬಂದು ನೋಟನ್ನು ಎತ್ತಿಕೊಂಡ. ಸರಿಯೇ ಆಯಿತು ಎಂದುಕೊಂಡಳು ಮೈಕು. ಅವನು ಅದನ್ನು ಜೇಬಿಗಿಡದೆ ಕಿಟಕಿಯ ಹತ್ತಿರ ಹೋಗಿ ಒಳಗೆ ಚಾಚಿದ.

ಅತ್ತಿಗೆ ಕೈ ಒರೆಸಿಕೊಂಡಳೇ ಹೊರತು ನೋಟು ಮುಟ್ಟಲಿಲ್ಲ. “ಮೀನು ಹೇಗಿತ್ತು?” ಎಂದು ಕೇಳಿದಳು.

ಆರು ವರ್ಷ ಬೆಂಕಿಯ ಮುಂದೆ ನಿಂತವಳಿಗೆ ಊಟ ಹೇಗಿತ್ತೆಂದು ಯಾರೂ ಬಂದು ಹೇಳಿರಲಿಲ್ಲ. ಅದಕ್ಕೆ ಉತ್ತರ ಕೊಟ್ಟವಳು ಮುದುಕಿ. ತಾನು ಕಾಯಿಲೆ ಬಿದ್ದಾಗಿನಿಂದ ಇವತ್ತೇ ತಟ್ಟೆ ಖಾಲಿ ಮಾಡಿದ್ದು ಎಂದಳು. ಆಮೇಲೆ ಅತ್ತಿಗೆ ನೋಟು ತೆಗೆದುಕೊಂಡಳು.

ಅವರು ಹೋದ ಮೇಲೆ ಯಜಮಾನ, ಅಡುಗೆಯವಳು ಇರಲಿ, ಟಿಪ್ಸಿಗೊಂದು ಡಬ್ಬಿ ಇಡಿ, ವಾರಕ್ಕೊಮ್ಮೆ ಸಮಪಾಲು ಮಾಡಿಕೊಳ್ಳಿ, ಇನ್ನೊಮ್ಮೆ ಬೈದದ್ದು ಕೇಳಿಸಿದರೆ ನೀನೇ ಮನೆಗೆ ಹೋಗು ಎಂದು ಗೊಣಗಿದ. ಮೈಕು ಕಿಟಕಿಗೆ ಹೋದಳು.

“ಕೋಪಾನಾ ಅತ್ತಿಗೆ?”

“ಹೂಂ, ಇದೆ. ಒಂದೆರಡು ದಿನ ಇರತ್ತೆ.” ಅತ್ತಿಗೆ ಬಟ್ಟಲು ಮುಂದೆ ತಳ್ಳಿದಳು. “ಏಳನೇ ಟೇಬಲಿನ ಸೂಪು. ಆರೋಗತ್ತೆ, ತಗೊಂಡು ಹೋಗು.”

ಅಲ್ಲಿ ತಾಯಿ, ಮಗಳು ಕಾದಿದ್ದರು. ತಡವಾಯಿತೆಂದು ಮಗಳ ಮುಖ ದಪ್ಪಗಾಗಿತ್ತು. ಮೈಕು ಬಟ್ಟಲನ್ನು ಎರಡೂ ಕೈಯಲ್ಲಿ ಇಟ್ಟಳು. ಆರು ವರ್ಷದಲ್ಲಿ ಯಾವ ಗಿರಾಕಿಗೂ ಹೇಳದ ಮಾತನ್ನು ಹೇಳಿದಳು.

“ನಮ್ಮ ಅತ್ತಿಗೆಯವರು ಮಾಡಿದ್ದು. ಕುಡಿದು ಹೇಗಿದೆ ಅಂತ ಹೇಳಿ, ಒಳಗೆ ಕಾಯ್ತಿದ್ದಾರೆ.”