ಹಿಡ್ಕೊಂಡೆ ಅನ್ನುವ ತನಕ

ಅಪ್ಪನ ಕಾಲಿಗೆ ಹಾಕಲು ಒಳ್ಳೆಯ ಬೂಟು ಬೇಕೆಂದು ಮಗಳು ಚಪ್ಪಲಿ ಗೂಡನ್ನೆಲ್ಲ ಜಾಲಾಡುತ್ತಿದ್ದಳು. ಸಿಕ್ಕಿದ್ದೆಲ್ಲ ಅವನು ಅಂಗಡಿ ಕೆಲಸಕ್ಕೆ ಹಾಕುತ್ತಿದ್ದ ಕಪ್ಪು ಬೂಟುಗಳೇ. ಎಣ್ಣೆ ಚೆಲ್ಲಿದ ನೆಲದಲ್ಲೂ ಜಾರದಂಥವು.

ಅವಳ ತಲೆಬಿಸಿ ಬೂಟಿನದಲ್ಲ. ಅಪ್ಪನ ಶವಪೆಟ್ಟಿಗೆ ಹೊರಲು ನಾಲ್ಕು ಹೆಗಲಾದರೂ ಬೇಕು. ಮನೆಯಲ್ಲಿದ್ದದ್ದು ಅವಳು, ಚಿಕ್ಕಪ್ಪ, ಮೊಣಕಾಲು ನೋವಿನ ಅಮ್ಮ. ಕೋಳಿ ಕರಿಯುವ ಅಂಗಡಿಯಲ್ಲೇ ಆಯಸ್ಸು ಸವೆಸಿದವನಿಗೆ ಸ್ನೇಹಿತರು ಎಲ್ಲಿಂದ ಬರಬೇಕು?

"ಅಂಗಡಿಗೆ ಹೇಳಿದೀನಿ, ಬರ್ತಾರೆ," ಅಂದಳು ಅಮ್ಮ.

"ಇವತ್ತು ರಜಾದಿನ ಅಮ್ಮ. ಗಿರಾಕಿಗಳು ತುಂಬಿ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ. ಯಾರು ಬಿಟ್ಟು ಬರ್ತಾರೆ?"

\*

ಅವಳ ಬಾಲ್ಯದಲ್ಲಿ ಇದ್ದದ್ದು ಒಂದೇ ಅಂಗಡಿ. ಆಮೇಲೆ ಅದು ಮರಿ ಹಾಕತೊಡಗಿತು. ಹೊಸದು ತೆರೆದಾಗಲೆಲ್ಲ ಅಲ್ಲಿ ಸೇರಿದವರಿಗೆ ಕೆಲಸ ಕಲಿಸಲು ಅಪ್ಪ ಹೊರಡುತ್ತಿದ್ದ. ಮನೆಗೆ ಮಲಗಲಷ್ಟೇ ಬರುತ್ತಿದ್ದ. ಒಮ್ಮೆ ಅವಳು ಮುನಿಸಿಕೊಂಡಾಗ ಜೊತೆಗೇ ಕರೆದೊಯ್ದ. ಪಾಳಿ ಬದಲಾಗುವ ಹೊತ್ತು. ಕಾದ ಎಣ್ಣೆಯಿಂದ ಎತ್ತಿದ ಬುಟ್ಟಿಯನ್ನು ಒಬ್ಬ ಹೊಸ ಹುಡುಗಿ ಇನ್ನೊಬ್ಬನಿಗೆ ದಾಟಿಸುತ್ತಿದ್ದಳು.

"ಅವನು ಹಿಡ್ಕೊಂಡೆ ಅನ್ನೋ ತನಕ ಬಿಡಬೇಡ ಕಣಮ್ಮ," ಅಂದ ಅಪ್ಪ. "ಹಿಡಿದಿರ್ತಾನೆ ಅಂದ್ಕೊಂಡು ಬಿಟ್ರೆ ಸುಡೋದು ಅವನ ಕಾಲು."

ಇದೂ ಒಂದು ವಿದ್ಯೆಯೇ ಎಂದು ಮಗಳು ಮೂಗು ಮುರಿದಿದ್ದಳು.

\*

ಮಧ್ಯಾಹ್ನ ಬಾಗಿಲ ಮುಂದೆ ಅಂಗಡಿಯ ವ್ಯಾನು ನಿಂತಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಕೆಂಪು ಅಂಗಿಯವರು ಇಳಿಯುತ್ತಲೇ ಇದ್ದರು, ಬೀದಿ ಸಾಲದಾಯಿತು. ಮುಂದೆ ಬಂದವಳು ಅಂದಿನ ಆ ಹೊಸ ಹುಡುಗಿ, ಈಗ ಕೂದಲು ನರೆತ ಮ್ಯಾನೇಜರಮ್ಮ.

"ಅಂಗಡಿ ಮುಚ್ಚಿ ಬಂದ್ರೆ ನಿಮ್ಮ ತಂದೆಯವರಿಗೆ ಸೇರ್ತಿರಲಿಲ್ಲ. ಅದಕ್ಕೇ ಪಾಳಿ ಮೇಲೆ ಬಂದಿದೀವಿ," ಅಂದಳು. "ನಾವೆಲ್ಲ ಕೆಲಸ ಇಲ್ಲದೆ ಅಲೀತಿದ್ದೋರು. ಮೊದಲು ಕೈಗೆ ಬುಟ್ಟಿ ಕೊಟ್ಟೋರು ಅವರೇ."

ಮಗಳ ಕಣ್ಣು ತುಂಬಿತು. ಅಪ್ಪನ ಬಗ್ಗೆ ಮೊದಲ ಬಾರಿಗೆ ಹೆಮ್ಮೆಯೆನಿಸಿತು.

ಒಂದೊಂದು ತಿರುವಿಗೂ ಒಂದೊಂದು ಅಂಗಡಿಯವರು ಹೆಗಲು ಬದಲಿಸಿದರು. ಹೊಸಬರು "ಹಿಡ್ಕೊಂಡೆ" ಅನ್ನುವರು; ಆಮೇಲಷ್ಟೇ ಹಳಬರು ಸರಿಯುವರು, ವ್ಯಾನು ಹತ್ತಿ ಕೆಲಸಕ್ಕೆ ಮರಳುವರು. ಯಾರೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ. ಅಣ್ಣನಿಗೆ ಹೆಗಲು ಕೊಡಲು ತನಗೇ ಸರದಿ ಸಿಗುತ್ತಿಲ್ಲವಲ್ಲ ಎಂದು ಚಿಕ್ಕಪ್ಪ ಗೊಣಗಿದ. ಅಮ್ಮ ಅಳುತ್ತಲೇ ನಕ್ಕಳು.

ಸ್ಮಶಾನದ ಗೇಟಿನ ಬಳಿ ಮಗಳು, ಆಗ ಹೆಗಲು ಕೊಟ್ಟಿದ್ದ ಮ್ಯಾನೇಜರಮ್ಮನ ಪಕ್ಕಕ್ಕೆ ಹೋಗಿ ಪೆಟ್ಟಿಗೆಯಡಿ ಹೆಗಲಿಟ್ಟಳು. ಮ್ಯಾನೇಜರಮ್ಮ ಜರುಗಲಿಲ್ಲ. ಅವಳ ಮುಖ ನೋಡುತ್ತ ಹಾಗೇ ನಿಂತಳು.

ಮಗಳಿಗೆ ಆಗ ಹೊಳೆಯಿತು.

"ಹಿಡ್ಕೊಂಡೆ," ಅಂದಳು.

ಮ್ಯಾನೇಜರಮ್ಮ ಪಕ್ಕಕ್ಕೆ ಸರಿದಳು. ಅಪ್ಪನ ಭಾರ ಹೆಗಲಿಗೆ ಬಂತು.