ಮತ ಹಾಕಿ ಬಂದವರನ್ನು ಕೇಳಬಹುದೇ?

ಚುನಾವಣೆ ಬಂತೆಂದರೆ ಮನಿಲಾದಿಂದ ದೂರದ ಸಾನ್ ರೋಕೆ ಊರಿನ ಮೀನು ಮಾರುಕಟ್ಟೆಯಲ್ಲಿ ಎಲ್ಲರ ಬಾಯಿಗೂ ಬೀಗ. ಯಾರಿಗೆ ಮತ ಹಾಕಿದರೆಂದು ಮೇಯರ್‌ಗೆ ಗೊತ್ತಾದರೆ ಅವರು ಕೊಟ್ಟ ಅಂಗಡಿ ಜಾಗವೇ ಹೋದೀತೆಂಬ ಹೆದರಿಕೆ. ಒಣಮೀನು ಮಾರುವ ಕೊನ್ಸಿಂಗ್‌ಳಿಗೂ ಅದೇ ಹೆದರಿಕೆ.

ಅಂದು ಅವಳು ಗಂಡ ತಾಸ್ಯೋನ ಜೊತೆ ಮತ ಹಾಕಿ ಬರುತ್ತಿದ್ದಾಗ, ಬೇಕರಿಯ ಮುಂದೆ ಹಳದಿ ಅಂಗಿಯ ಹುಡುಗಿಯೊಬ್ಬಳು ಡಬ್ಬಿ ಹಿಡಿದು ನಿಂತಿದ್ದಳು. ನೋಡಿದರೆ ಪಕ್ಕದ ಮನೆಯ ಮಾರಿವಿಕ್! ಈಗ ಊರಿನ ರೇಡಿಯೋದಲ್ಲಿ ಕೆಲಸ.

"ಮನಾಂಗ್, ಅಕ್ಕಾ, ಯಾರಿಗೆ ಹಾಕಿದ್ರಿ ಅಂತ ಈ ಚೀಟೀಲಿ ಗುರುತು ಮಾಡಿ ಡಬ್ಬಿಗೆ ಬಿಡ್ತೀರಾ? ಹೆಸರು ಬರೀಬೇಡಿ. ಇಷ್ಟ ಇಲ್ಲಾಂದ್ರೆ ಬೇಡ ಅನ್ನಿ, ಬೇಜಾರಿಲ್ಲ."

"ಅಯ್ಯೋ ಇಂದಾಯ್, ಹುಡುಗೀ, ಮತ ಅಂದ್ರೆ ಗುಟ್ಟಲ್ವೇನೇ? ಕೇಳೋದೇ ತಪ್ಪು!"

"ಚುನಾವಣಾ ಆಯೋಗವೂ ಒಂದ್ಸಲ ಹೀಗೆ ಕೇಳೋ ಎಕ್ಸಿಟ್ ಪೋಲ್ ಬೇಡ ಅಂದಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜನರನ್ನ ಕೇಳಿ, ಜನರಿಗೇ ತಿಳಿಸೋದು ಪತ್ರಿಕೆ, ರೇಡಿಯೋದವರ ಸ್ವಾತಂತ್ರ್ಯ ಅಂತು. ನಿಮ್ಮ ಮತಪತ್ರ ಯಾರೂ ನೋಡಲ್ಲ. ನೀವಾಗಿ ಹೇಳಿದ್ರೆ ಉಂಟು, ಇಲ್ದಿದ್ರೆ ಇಲ್ಲ."

"ಕೋರ್ಟು ಮನಿಲಾದಲ್ಲಿದೆ, ನಮ್ಮ ಅಂಗಡಿ ಇಲ್ಲಿದೆ. ನಡಿಯೇ!" ಎಂದು ತಾಸ್ಯೋ ಹೆಂಡತಿಯ ತೋಳು ಎಳೆದ.

ಅಷ್ಟರಲ್ಲಿ ಮೇಯರ್ ಕಡೆಯ ದಾಂಡಿಗನೊಬ್ಬ ಓಡಿಬಂದು ಡಬ್ಬಿಗೆ ಕೈ ಹಾಕಿದ. "ಇದು ಕಾನೂನಿಗೆ ವಿರುದ್ಧ! ಕೊಡು ಇಲ್ಲಿ!"

ಮಾರಿವಿಕ್ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. "ಮತಗಟ್ಟೆಯಿಂದ ಐವತ್ತು ಮೀಟರ್ ಆಚೆ ಇದ್ದೀನಿ. ಗುರುತಿನ ಅಂಗಿ ಹಾಕಿದ್ದೀನಿ. ಮತದಾನ ಮುಗಿಯೋ ತನಕ ಒಂದಕ್ಷರ ಬಾಯಿ ಬಿಡಲ್ಲ. ಯಾವ ಕಾನೂನು ಮುರಿದೆ, ಹೇಳಿ!"

"ಮೇಯರ್ರೇ ಗೆಲ್ಲೋದು, ಊರಿಗೆಲ್ಲ ಗೊತ್ತು. ಮತ್ಯಾಕೆ ಕೇಳ್ತೀಯ?"

ಕೊನ್ಸಿಂಗ್‌ಳಿಗೆ ಅದೆಲ್ಲಿತ್ತೋ ಧೈರ್ಯ! ನಡುವೆ ನುಗ್ಗಿ ನಿಂತಳು. "ಗೆಲ್ಲೋದು ಖಾತ್ರಿ ಅಂದ್ಮೇಲೆ, ಕೇಳಿದ್ರೆ ನಿಂಗ್ಯಾಕಪ್ಪಾ ಉರಿ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಗದ್ದಲ ಕೇಳಿ ಪೊಲೀಸಿನವನೂ ಬಂದ. ದಾಂಡಿಗ ಗೊಣಗುತ್ತ ಜಾಗ ಖಾಲಿ ಮಾಡಿದ.

ಕೊನ್ಸಿಂಗ್ ಚೀಟಿ ಇಸಿದುಕೊಂಡು, ಬೆನ್ನು ತಿರುಗಿಸಿ ಗುರುತು ಮಾಡಿ, ಮಡಿಚಿ ಡಬ್ಬಿಗೆ ಹಾಕಿದಳು. ಮುಖ ಅರಳಿತ್ತು. ತಾಸ್ಯೋ ತಲೆ ಕೆರೆದುಕೊಂಡು, "ನಂಗೂ ಒಂದು ಕೊಡಮ್ಮ" ಎಂದ. ಅವನ ಹಿಂದೆ ಮಾರುಕಟ್ಟೆಯವರ ಸಾಲೇ ನಿಂತಿತು.

ಮತದಾನ ಮುಗಿದ ಮೇಲೆ ರೇಡಿಯೋದಲ್ಲಿ ಮಾರಿವಿಕ್‌ಳ ದನಿ ಬಂತು. ಎಲ್ಲೆಲ್ಲಿ, ಎಷ್ಟು ಜನರನ್ನು ಕೇಳಿದೆವೆಂದು ಮೊದಲು ಹೇಳಿದಳು. "ಇದು ಅಧಿಕೃತ ಫಲಿತಾಂಶವಲ್ಲ" ಎಂದಳು. ಆಮೇಲೆ ಹೇಳಿದಳು: ಮೇಯರ್‌ಗೂ ಎದುರಾಳಿಗೂ ಸರಿಸಮ ಪೈಪೋಟಿ!

ತಾಸ್ಯೋ ಅನ್ನದ ತಟ್ಟೆ ಬಿಟ್ಟು ಎದ್ದೇಬಿಟ್ಟ. "ಕೇಳಿದ್ಯೇನೇ? ಮೇಯರ್‌ಗೆ ಹಾಕದೆ, ಹೆದರಿ ಸುಮ್ಮನಿದ್ದೋರು ನಾವಿಬ್ಬರೇ ಅಂದ್ಕೊಂಡಿದ್ದೆ. ಅರ್ಧ ಊರೇ ನಮ್ಮ ಹಾಗೆ!"

"ನಾಳೆ ಎಣಿಕೆ ಏನೇ ಹೇಳ್ಲಿ, ಹೋಲಿಸಿ ನೋಡೋಕೆ ನಮಗೂ ಒಂದು ಲೆಕ್ಕ ಇದೆ" ಎಂದು ಕೊನ್ಸಿಂಗ್ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ಮತ ಹಾಕಿ ಬಂದಾಗ ಯಾರಾದರೂ ಕೇಳಿದರೆ ಹೇಳುವುದೂ ನಿಮ್ಮ ಹಕ್ಕು, ಹೇಳದಿರುವುದೂ ನಿಮ್ಮ ಹಕ್ಕು. ನಿಯಮ ಏನಿದೆಯೆಂದು ತಿಳಿದುಕೊಳ್ಳಿ. ಆದರೆ ನಿಯಮದಂತೆ ಕೇಳುವವರನ್ನು ಓಡಿಸಲು ಮಾತ್ರ ಬಿಡಬೇಡಿ. ಇವತ್ತು ಅವರ ಬಾಯಿ ಕಟ್ಟಿದರೆ, ನಾಳೆ ನಿಮ್ಮ ಮಾತು ನಾಲ್ಕು ಜನರಿಗೆ ಮುಟ್ಟಿಸುವವರು ಯಾರು?