ಬಾಕಿ ಉಳಿದ ಎಡಗೈ

ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ ಅಮ್ಮನ ಕೆನ್ನೆಯ ಮೇಲಿನ ಹೊಳಪು ಹೋಗಲಿಲ್ಲ. ಮಗಳು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೊಮ್ಮೆ ಮೆತ್ತಗೆ ಉಜ್ಜಿದಳು. ನಾಲ್ಕಾರು ಚುಕ್ಕಿಗಳು ಬಟ್ಟೆಗೆ ಬಂದವು. ಉಳಿದವು ಕಣ್ಣಂಚಿನ ಸುಕ್ಕುಗಳಲ್ಲಿ ಹಾಗೇ ಕೂತು ಮಿನುಗಿದವು.

“ಇದೇನತ್ತೆ ಇದು? ಬೆಳ್ಳಿ ಪುಡಿ ಇದ್ದ ಹಾಗಿದೆ.”

“ಅವಳ ಅಂಗಡಿದಿರುತ್ತೆ ಬಿಡೇ. ದಿನವಿಡೀ ಅದರ ಮಧ್ಯೆನೇ ತಾನೆ ನಿಂತಿರ್ತಿದ್ಲು,” ಎಂದಳು ಅತ್ತೆ, ಅಪ್ಪನ ಅಕ್ಕ.

“ಅಮ್ಮ ಮಾರ್ತಿದ್ದಿದ್ದು ಒಣಚರ್ಮದ ಕ್ರೀಮು. ಅದರಲ್ಲಿ ಮಿಂಚು ಎಲ್ಲಿಂದ ಬರುತ್ತೆ?”

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವಳ ಅಪ್ಪ ಮೇಸ್ತ್ರಿಗೆ ಈ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೆಳಗ್ಗೆಯಿಂದ ಅವನ ತಲೆಗೆ ಏನೂ ಹೋಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯೊಂದು ದಢಾರನೆ ಬಿದ್ದದ್ದು, ಅವನು ಓಡಿದ್ದು, ಅವಳು ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದದ್ದು, ಪಕ್ಕದ ಬೀದಿಯ ಡಾಕ್ಟರು ಬಂದು ಮಣಿಕಟ್ಟು ಹಿಡಿದು ನೋಡಿ “ಹೃದಯ ನಿಂತುಹೋಗಿದೆ” ಅಂದದ್ದು. ನಿಲ್ಲುವುದಕ್ಕೆ ಅದೇನು ಗೋಡೆ ಗಡಿಯಾರವೇ? ಹಿಂದಿನ ದಿನ ಬೆಳಗ್ಗೆ ತಿಂಡಿ ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದವಳು. ಒಂದು ದಿನ ಜ್ವರ ಅಂತ ಮಲಗಿದವಳಲ್ಲ. ಈಗ ಹಾಲ್‌ನ ಸೋಫಾ ಆಚೆ ತಳ್ಳಿ ಹಾಕಿದ ಮಂಚದ ಮೇಲೆ, ಬಿಳಿ ಹೂವಿನ ನಡುವೆ, ಯಾರ ಮಾತಿಗೂ ಉತ್ತರ ಕೊಡದೆ ಮಲಗಿದ್ದಳು.

ಬಂದವರೆಲ್ಲ ಅವನ ಭುಜ ಹಿಡಿದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಕೆಳಗಿನ ಮನೆಯ ದರ್ಜಿಯೂ ಅದನ್ನೇ ಕೇಳಿದ.

“ಕೊನೆಗೆ ಏನಾದ್ರೂ ಹೇಳಿದ್ರಾ ಮೇಸ್ತ್ರಿ?”

“ಇಲ್ಲ.”

“ಒಂದು ಮಾತೂ?”

“ಒಂದು ಮಾತೂ ಇಲ್ಲ.”

ದರ್ಜಿ ಲೊಚಗುಟ್ಟಿ ಪಕ್ಕಕ್ಕೆ ಸರಿದ. ಸತ್ತವಳಿಗೆ ಮಾತಾಡಲು ಪುರುಸೊತ್ತಿರಲಿಲ್ಲ ಎಂದು ಅವನು ಅಂದುಕೊಂಡಿರಬೇಕು. ವಿಷಯ ಅದಲ್ಲ ಎನ್ನುವುದು ಮೇಸ್ತ್ರಿಯೊಬ್ಬನಿಗೇ ಗೊತ್ತು. ಹಿಂದಿನ ದಿನ ಮನೆಗೆ ಬಂದಾಗಿನಿಂದ ಅವಳು ಅವನ ಜೊತೆ ತುಟಿ ಪಿಟಕ್ಕೆನ್ನಲಿಲ್ಲ. ಮುನಿಸಿಕೊಂಡು ಮಲಗಿದಳು, ಮುನಿಸಿಕೊಂಡೇ ಹೋದಳು. ಸಾವಿಗಿಂತ ಇದೇ ಅವನ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

*

ಅವನದು ಸ್ಟೇಜು ಕಟ್ಟುವ ಕೆಲಸ. ದೊಡ್ಡ ಮೈದಾನದಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ, ಒಂದಕ್ಕೊಂದು ಕ್ಲಾಂಪು ಬಿಗಿದು, ಮೂರಂತಸ್ತಿನ ಮನೆಯಷ್ಟು ಎತ್ತರಕ್ಕೆ ಎಬ್ಬಿಸಿ, ಹಾಡು ಮುಗಿದ ಮೇಲೆ ಬಿಚ್ಚಿ ಲಾರಿಗೆ ತುಂಬುವುದು. ಅವನು ಕಟ್ಟಿದ ಸ್ಟೇಜಿನ ಮೇಲೆ ಯಾರ್ಯಾರೋ ಕುಣಿದಿದ್ದಾರೆ, ಅವನು ಒಬ್ಬರನ್ನೂ ಮುಂದಿನಿಂದ ನೋಡಿದವನಲ್ಲ. ಹಾಡು ನಡೆಯುವಾಗ ಅವನ ಜಾಗ ದೊಡ್ಡ ಪರದೆಯ ಹಿಂದೆ, ಪೈಪಿನ ಬುಡದಲ್ಲಿ. ಕಿವಿಗೆ ಹತ್ತಿ ತುರುಕಿ, ಅಂಗೈಯನ್ನು ಪೈಪಿನ ಮೇಲಿಟ್ಟು ನಿಲ್ಲುತ್ತಾನೆ. ಎಲ್ಲಾದರೂ ಸಡಿಲಾದರೆ ಪೈಪಿನ ನಡುಕ ಬೇರೆಯಾಗುತ್ತದೆ, ಅದು ಕೈಗೆ ಗೊತ್ತಾಗುತ್ತದೆ.

ಆ ಕೈಗಳೋ, ಕೇಳುವುದೇ ಬೇಡ. ಬಿಸಿಲು, ತುಕ್ಕು, ಗಾಳಿಗೆ ಒಡೆದು ಒಡೆದು ಚರ್ಮ ಮರದ ತೊಗಟೆಯಾಗಿತ್ತು. ಅವನ ಹೆಂಡತಿ ಕೆಲಸ ಮಾಡುತ್ತಿದ್ದದ್ದು ದೊಡ್ಡ ಅಂಗಡಿಯೊಂದರ ಸೌಂದರ್ಯ ಸಾಮಗ್ರಿಯ ವಿಭಾಗದಲ್ಲಿ, ಒಣಚರ್ಮದ ಕ್ರೀಮಿನ ಕೌಂಟರಿನಲ್ಲಿ. ಅಕ್ಕಪಕ್ಕದ ಕೌಂಟರಿನ ಹುಡುಗಿಯರು ಅವಳನ್ನು ಕರೆಯುತ್ತಿದ್ದದ್ದೇ ಕ್ರೀಮಕ್ಕ ಎಂದು.

“ನಿಮ್ಮ ಕೈ ಒಂದಿನ ಸಾಲ ಕೊಡ್ರೀ. ಕೌಂಟರ್ ಮೇಲೆ ಸುಮ್ನೆ ಇಟ್ಕೊಂಡಿರ್ತೀನಿ. ನೋಡಿದೋರೆಲ್ಲ ಹೆದರ್ಕೊಂಡು ಡಬ್ಬಿ ಡಬ್ಬಿ ತಗೊಂಡು ಹೋಗ್ತಾರೆ,” ಎಂದು ನಗುತ್ತಿದ್ದಳು.

ರಾತ್ರಿ ಊಟವಾದ ಮೇಲೆ ತೊಡೆಯ ಮೇಲೆ ಹಳೇ ಟವೆಲು ಹಾಸಿಕೊಂಡು ಅವನ ಕೈ ಎಳೆದುಕೊಳ್ಳುವಳು. ಮೊದಲು ಬಲಗೈ, ಆಮೇಲೆ ಎಡಗೈ. ಬೆರಳ ಸಂದಿ, ಉಗುರಿನ ಸುತ್ತ, ಅಂಗೈಯ ಬಿರುಕುಗಳು, ಒಂದನ್ನೂ ಬಿಡುತ್ತಿರಲಿಲ್ಲ.

“ಪೈಪು ಹಿಡಿಯೋ ಕೈಗೆ ಬೆಣ್ಣೆ ಹಚ್ತೀಯಲ್ಲ, ನಾಳೆ ಮೇಲಿಂದ ಜಾರಿ ಬಿದ್ರೆ?” ಎಂದು ಅವನು ಗೊಣಗುವನು.

“ಬೆಳಗಾಗೋದ್ರೊಳಗೆ ನಿಮ್ಮ ಚರ್ಮ ಅಷ್ಟನ್ನೂ ಕುಡಿದು ಇನ್ನೂ ಇದೆಯಾ ಅಂತ ಕೇಳುತ್ತೆ. ಸುಮ್ನಿರಿ.”

ಗೊಣಗುವುದು ಅವನ ಕೆಲಸ, ಹಚ್ಚುವುದು ಅವಳ ಕೆಲಸ. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಒಂದು ದಿನವೂ ತಪ್ಪಿದವರಲ್ಲ.

ಈ ಸಲದ ಸ್ಟೇಜು ದೇಶದೇಶ ಸುತ್ತುವ ಹಾಡುಗಾರ್ತಿಯದು. ಅವಳ ಹಾಡು ಅಂಗಡಿಯ ಸ್ಪೀಕರಿನಲ್ಲಿ ದಿನವಿಡೀ ಕೇಳಿ ಕೇಳಿ ಕ್ರೀಮಕ್ಕನಿಗೆ ಬಾಯಿಪಾಠವಾಗಿತ್ತು. ಕೆಲಸದವರಿಗೆಂದು ಮೇಸ್ತ್ರಿಗೆ ಎರಡು ಪಾಸು ಸಿಕ್ಕಿದ್ದು ತಿಳಿದ ದಿನ ಅವಳು ಪಾತ್ರೆ ತೊಳೆಯುತ್ತಾ ಕೇಳಿದ್ದಳು.

“ರೀ, ನಾನು ಬರ್ಲಾ? ನೀವು ಕಟ್ಟಿದ ಸ್ಟೇಜನ್ನ ನಾನು ಒಂದ್ಸಲಾನೂ ನೋಡಿಲ್ಲ.”

“ನೀನಾ? ಆ ಗಲಾಟೇಲಿ? ಹುಡುಗ್ರು ಹುಡುಗೀರು ಹುಚ್ಚು ಹಿಡಿದೋರ ಹಾಗೆ ಎಗರ್ತಾ ಇರ್ತಾರೆ. ಕಂಟ್ರಾಕ್ಟರು ಕೇಳಿದ್ರು, ಪಾಸು ಅವರಿಗೇ ಕೊಟ್ಟುಬಿಟ್ಟೆ.”

“ಹೌದಾ,” ಎಂದಿದ್ದಳು. ಅಷ್ಟೇ. ಪಾತ್ರೆ ತೊಳೆಯುವ ಸದ್ದು ಮಾತ್ರ ಸ್ವಲ್ಪ ಜಾಸ್ತಿಯಾಗಿತ್ತು.

*

ಮಧ್ಯಾಹ್ನದ ಹೊತ್ತಿಗೆ ಸ್ಟೇಜಿನ ಹುಡುಗರು ಬಂದರು. ಮೈದಾನದಲ್ಲಿ ಅರ್ಧ ಬಿಚ್ಚಿದ್ದನ್ನು ಹಾಗೇ ಬಿಟ್ಟು ಬಂದಿದ್ದರು. ಮುಂದೆ ಗಂಟಣ್ಣ. ಹಗ್ಗದ ಗಂಟು ಹಾಕುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಅವನು ಮೇಸ್ತ್ರಿಯ ಎದುರು ಕುಕ್ಕರಗಾಲಲ್ಲಿ ಕೂತ.

“ಹೇಗೆ ಮೇಸ್ತ್ರಿ? ನಿನ್ನೆ ತಾನೆ ಚೆನ್ನಾಗಿದ್ರಲ್ಲ?”

“ನಿನ್ನೆ ಅವಳ ಮುಖಾನೇ ಸರಿಯಾಗಿ ನೋಡ್ಲಿಲ್ಲ ಕಣೋ ನಾನು,” ಎಂದ ಮೇಸ್ತ್ರಿ. ಹೇಳಿದ ಮೇಲೆ ಮಂಚದ ಕಡೆ ನೋಡಿದ. ಮಿಂಚು ಪುಡಿ ನಿನ್ನೆಯೂ ಅವಳ ಕೆನ್ನೆಯ ಮೇಲೆ ಇದ್ದಿರಬೇಕು. ಒಂದೇ ಕೋಣೆ, ಒಂದೇ ಮಂಚ. ಅವನು ಕಂಡಿರಲಿಲ್ಲ.

ಗಂಟಣ್ಣ ಅವನ ಎಡಗೈ ಹಿಡಿದುಕೊಂಡ. ಆ ಕೈ ಬಿರುಕು ಬಿಟ್ಟು ಒರಟಾಗಿತ್ತು. ಬಲಗೈ ಮಾತ್ರ ಇನ್ನೂ ಮೆತ್ತಗಿತ್ತು. ಮೇಸ್ತ್ರಿ ಆ ಬಲಗೈಯನ್ನು ಬೆಳಗ್ಗೆಯಿಂದ ನೀರಿಗೆ ಹಿಡಿದಿರಲಿಲ್ಲ.

*

ಹಿಂದಿನ ದಿನ ಹಾಡು ಮುಗಿದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬಿಚ್ಚುವ ಕೆಲಸ ಮರುದಿನಕ್ಕೆ ಇತ್ತು. ಕಂಪನಿಯ ವ್ಯಾನು ಮೇಸ್ತ್ರಿಯನ್ನು ಮನೆ ಹತ್ತಿರ ಇಳಿಸಿತು. ಅವಳು ಇನ್ನೂ ಬಂದಿರಲಿಲ್ಲ. ಅಂಗಡಿಯಲ್ಲಿ ಸ್ಟಾಕು ನೋಡುವುದಿದೆ, ತಡವಾಗುತ್ತದೆ ಎಂದು ಬೆಳಗ್ಗೆಯೇ ಹೇಳಿದ್ದಳು. ಅವನು ಊಟ ಬಡಿಸಿಕೊಳ್ಳುತ್ತಿದ್ದಾಗ ಬಂದಳು. ಚಪ್ಪಲಿ ಕಳಚಿ ಒಳಗೆ ಬಂದವಳು ಅವನನ್ನು ನೋಡಿದಳೇ ಹೊರತು ಬಾಯಿ ಬಿಡಲಿಲ್ಲ.

“ಊಟ ಆಯ್ತಾ?” ಎಂದ. ಕೈಯಾಡಿಸಿ ಆಯಿತೆಂದಳು.

“ಬಾಯಿಗೇನಾಗಿದೆ?” ಎಂದ. ಗಂಟಲ ಹತ್ತಿರ ಕೈ ತಂದು ಏನೋ ಸನ್ನೆ ಮಾಡಿದಳು. ಸಾಕು ಸುಮ್ಮನಿರಿ ಎಂದಳೆಂದು ಅವನು ತಿಳಿದ. ಓಹೋ, ಪಾಸಿನ ಸಿಟ್ಟು. ಇರಲಿ, ಅವನಿಗೂ ಮೂಗಿನ ತುದಿಯಲ್ಲಿ ಸಿಟ್ಟಿತ್ತು. ಇಡೀ ದಿನ ದುಡಿದು ಬಂದವನಿಗೆ ಇದೇ ಏನು ಮರ್ಯಾದೆ? ಬಾಗಿಸಿದ ತಲೆ ಎತ್ತದೆ ಉಂಡ.

ಆದರೂ ಅವಳು ಟವೆಲು ಹಾಸಿಕೊಂಡು ಕೂತಳು. ಬಲಗೈ ಕೊಟ್ಟ. ಅವಳು ಹಚ್ಚುತ್ತಿರುವಾಗ ಗೋಡೆ ನೋಡಿಕೊಂಡು ಹೇಳಿದ:

“ಇವತ್ತು ಜೀವ ಬಾಯಿಗೆ ಬಂದಿತ್ತು. ಮಧ್ಯದಲ್ಲಿ ಜನ ಅದೇನು ಕೂಗಿದ್ರೋ, ಇಡೀ ಸ್ಟೇಜು ಗಡಗಡ ಅಂತು. ಇಷ್ಟು ವರ್ಷದಲ್ಲಿ ಪೈಪು ಹಾಗೆ ನಡುಗಿದ್ದು ನಾನು ಕಂಡಿಲ್ಲ. ಎಲ್ಲೋ ಸಡಿಲಾಯ್ತು ಅಂತ ಸ್ಪ್ಯಾನರ್ ತಗೊಂಡು ಹತ್ತಿ ಎಲ್ಲಾ ಕ್ಲಾಂಪೂ ಬಿಗಿದೆ. ಯಾವ ತಲೆಕೆಟ್ಟೋರು ಜನರನ್ನ ಹಾಗೆ ಕೂಗಿಸಿದ್ರೋ, ಕೈಗೆ ಸಿಕ್ಕಿದ್ರೆ ಎರಡು ಬಿಡ್ತಿದ್ದೆ.”

ಅವಳ ಕೈ ನಿಂತಿತು. ಮುಖ ಟವೆಲಿನಲ್ಲಿ ಮುಚ್ಚಿಕೊಂಡಳು. ಭುಜ ಎರಡೂ ಕುಲುಕುತ್ತಿದ್ದವು.

ಅಳುತ್ತಿದ್ದಾಳೆ ಎಂದು ಅವನು ತಿಳಿದ. ಒಂದು ಪಾಸಿಗೆ ಇಷ್ಟೊಂದು ರಂಪವೇ ಎಂದು ರೇಗಿಹೋಯಿತು. ಅವಳು ಎಡಗೈಗೆಂದು ಕೈ ಚಾಚಿದಾಗ, “ಸಾಕು ಬಿಡು,” ಎಂದು ಕೈ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.

*

ಸ್ಮಶಾನದ ಗಾಡಿ ಬಂದು ಬೀದಿಯಲ್ಲಿ ನಿಂತಿತು. ಅದರ ಹಿಂದೆಯೇ ಅಂಗಡಿಯ ಹುಡುಗಿಯರು ಬಂದರು. ಸಮವಸ್ತ್ರದಲ್ಲಿಯೇ ಇದ್ದರು, ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ಮುಂದಿದ್ದ ಲಿಪ್‌ಸ್ಟಿಕ್ ಕೌಂಟರಿನವಳು ಮಂಚದ ಹತ್ತಿರ ಬಂದು, ಸತ್ತವಳ ಕೆನ್ನೆ ನೋಡಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಕಿವಿಯ ಹಿಂದೆಯೂ ಅದೇ ಬೆಳ್ಳಿ ಪುಡಿ ಮಿನುಗುತ್ತಿತ್ತು.

ಮಗಳು ಎದ್ದು ನಿಂತಳು. “ಇದನ್ನ ಹಚ್ಚಿದ್ದು ನೀವಾ?”

“ನಾನೇ.” ಹುಡುಗಿ ಮೇಸ್ತ್ರಿಯ ಕಡೆ ತಿರುಗಿದಳು. “ಅಂಕಲ್, ತಪ್ಪಾಯ್ತು. ನಿನ್ನೆ ನಾವೇ ಕರ್ಕೊಂಡು ಹೋಗಿದ್ದು. ಸ್ಟಾಕು ಗೀಕು ಏನೂ ಇರಲಿಲ್ಲ. ನಮ್ಮಲ್ಲಿ ಒಬ್ಬಳು ಬರೋಕಾಗ್ಲಿಲ್ಲ, ಅವಳ ಟಿಕೆಟ್ಟಲ್ಲಿ ಕ್ರೀಮಕ್ಕನ್ನ ಎಳ್ಕೊಂಡು ಹೋದ್ವಿ. ಕುಣಿದ್ರು ಅಂಕಲ್, ನಮಗಿಂತ ಜಾಸ್ತಿ ಕುಣಿದ್ರು. ಅದಕ್ಕೇ ಹೀಗಾಯ್ತೇನೋ…”

ಮೊದಲು ಬಾಯಿ ತೆರೆದದ್ದು ಮೇಸ್ತ್ರಿಯ ಅಕ್ಕ.

“ಕುಣಿಯೋಕೆ ಹೋಗಿದ್ಲಾ? ಇವಳಾ? ಈ ವಯಸ್ಸಲ್ಲಿ?”

ಮೇಸ್ತ್ರಿ ಸ್ಟೂಲಿನಿಂದ ಎದ್ದಿದ್ದ. ಅವನಿಗೆ ಕೇಳಬೇಕಾಗಿದ್ದದ್ದು ಒಂದೇ.

“ನನ್ನ ಮೇಲೆ ಸಿಟ್ಟಲ್ಲಿದ್ಲಾ ಅಮ್ಮಾ?”

“ಸಿಟ್ಟಾ?”

“ಮನೆಗೆ ಬಂದು ಒಂದು ಮಾತೂ ಆಡ್ಲಿಲ್ಲ ಅವಳು.”

ಹುಡುಗಿ ಕಣ್ಣೊರೆಸಿಕೊಂಡಳು. “ಧ್ವನಿಯೇ ಇರಲಿಲ್ವಲ್ಲ ಅಂಕಲ್! ಕೂಗಿ ಕೂಗಿ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಬಸ್ಸಲ್ಲಿ ನನ್ನ ಕಿವೀಲಿ ಉಸಿರಲ್ಲೇ ಹೇಳಿದ್ರು: ಈಗ ಅವರಿಗೆ ಏನೂ ಹೇಳಲ್ಲ, ಬೆಳಗ್ಗೆ ಧ್ವನಿ ಬರ್ಲಿ, ಹಾಡು ಹೇಳಿಯೇ ಎಬ್ಬಿಸ್ತೀನಿ, ಆಮೇಲೆ ಇದನ್ನ ತೋರಿಸ್ತೀನಿ ಅಂತ.”

“ಯಾವುದನ್ನ?”

ಅವಳು ಫೋನು ತೆಗೆದು ಹಿಡಿದಳು. ಮೇಸ್ತ್ರಿ ಬಗ್ಗಿ ನೋಡಿದ. ತಲೆಗಳ ಸಮುದ್ರದ ಆಚೆ ಬೆಳಕಿನಲ್ಲಿ ತೊಯ್ದು ನಿಂತಿತ್ತು ಅವನ ಸ್ಟೇಜು. ಅದು ಇಷ್ಟು ಚೆನ್ನಾಗಿ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸ್ಟೇಜಿನ ದೊಡ್ಡ ಪರದೆಯ ಮೇಲೆ, ಅವನು ಬೆನ್ನಿನಿಂದ ಮಾತ್ರ ಬಲ್ಲ ಆ ಪರದೆಯ ಮೇಲೆ, ಅವನ ಹೆಂಡತಿ. ಮೂರಂತಸ್ತಿನ ಎತ್ತರಕ್ಕೆ ಅವಳ ಮುಖ, ಕೆನ್ನೆ ತುಂಬ ಬೆಳ್ಳಿ, ಕೂದಲು ಕೆದರಿದೆ, ಬಾಯಿ ತೆರೆದು ನಗುತ್ತಿದ್ದಾಳೆ. ತಲೆಯ ಮೇಲೆ ಒಂದು ರಟ್ಟು ಎತ್ತಿ ಹಿಡಿದಿದ್ದಾಳೆ. ಕ್ರೀಮಿನ ಪೆಟ್ಟಿಗೆ ಹರಿದು ಮಾಡಿದ ರಟ್ಟು. ಅದರ ಮೇಲೆ ಲಿಪ್‌ಸ್ಟಿಕ್ಕಿನಲ್ಲಿ ದಪ್ಪಗೆ ಬರೆದಿತ್ತು: ಈ ಸ್ಟೇಜು ಕಟ್ಟಿದ್ದು ನಮ್ಮ ಯಜಮಾನರು.

“ಹಾಡುಗಾರ್ತಿಯ ಪಕ್ಕ ನಿಂತಿದ್ದೋರು ಅದನ್ನ ಓದಿ ಅವಳ ಕಿವೀಲಿ ಅರ್ಥ ಹೇಳಿದ್ರು,” ಎಂದಳು ಹುಡುಗಿ. “ಅವಳು ಹಾಡು ನಿಲ್ಲಿಸಿಬಿಟ್ಲು. ಈ ಸ್ಟೇಜು ಕಟ್ಟಿದ ಮನುಷ್ಯ ಎಲ್ಲೋ ಹಿಂದೆ ಇದ್ದಾನೆ, ಅವನಿಗೆ ಕೇಳಿಸೋ ಹಾಗೆ ಒಂದ್ಸಲ ಕೂಗಿ ಅಂದ್ಲು. ಇಡೀ ಮೈದಾನ ಕೂಗ್ತು ಅಂಕಲ್. ಕ್ರೀಮಕ್ಕ ಎಲ್ಲರಿಗಿಂತ ಜೋರಾಗಿ.”

ಫೋನಿನಿಂದ ಆ ಕೂಗು ಬಂತು. ಗಂಟಣ್ಣ ಹತ್ತಿರ ಬಂದು ಇಣುಕಿದ. “ನಾವು ಕ್ಲಾಂಪು ಬಿಗಿದ್ವಲ್ಲ ಮೇಸ್ತ್ರಿ,” ಎಂದ ಮೆಲ್ಲಗೆ. “ಅದು ಇದಕ್ಕಾ?”

ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದ ಆ ಭುಜಗಳು ಮೇಸ್ತ್ರಿಯ ಕಣ್ಣ ಮುಂದೆ ಬಂದವು. ನಗುತ್ತಿದ್ದಳು. ಅವಳು ನಗುತ್ತಿದ್ದಳು! ಕೈಗೆ ಸಿಕ್ಕಿದರೆ ಎರಡು ಬಿಡುತ್ತಿದ್ದೆ ಎಂದವನ ಕೈಯನ್ನೇ ಹಿಡಿದುಕೊಂಡು, ಸದ್ದಿಲ್ಲದೆ, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಅವನು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

“ಅಪ್ಪ,” ಎಂದಳು ಮಗಳು. “ಒರೆಸೋದು ಬೇಡ ಅಲ್ವಾ ಇದನ್ನ?”

“ಬೇಡ,” ಎಂದ. “ಇರ್ಲಿ. ಹಾಗೇ ಕಳ್ಸೋಣ.”

ಅಕ್ಕ ತಮ್ಮನ ಮುಖ ನೋಡಿ, ಒದ್ದೆ ಬಟ್ಟೆ, ನೀರಿನ ಪಾತ್ರೆ ಎತ್ತಿ ಒಳಗಿಟ್ಟಳು. ಸ್ಟೇಜಿನ ಹುಡುಗರು ಮಂಚದ ನಾಲ್ಕು ಮೂಲೆಗೆ ನಿಂತರು. ಭಾರ ಎತ್ತುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಸ್ತ್ರಿಯ ಸನ್ನೆಗೆ ಕಾಯುತ್ತಿದ್ದರು.

“ಇನ್ನೊಂದ್ಸಲ ಹಾಕಮ್ಮ ಅದನ್ನ,” ಎಂದ ಅವನು. “ಎಷ್ಟು ಜೋರಾಗುತ್ತೋ ಅಷ್ಟು ಜೋರಾಗಿ.”

ಹುಡುಗಿ ಹಾಕಿದಳು. ಅವನು ಫೋನು ಇಸಿದುಕೊಂಡ. ಈ ಸಲ ನೋಡಲಿಲ್ಲ. ಕ್ರೀಮು ಕಾಣದೆ ಬಾಕಿ ಉಳಿದಿದ್ದ ಎಡಗೈಯನ್ನು ಅಗಲವಾಗಿ ಚಾಚಿ, ಫೋನನ್ನು ಅದರ ಮೇಲೆ ಮಗುಚಿ ಇಟ್ಟುಕೊಂಡು, ಬಲಗೈಯನ್ನು ಹಿಂದಕ್ಕೆ ಕಟ್ಟಿ ಕಣ್ಣು ಮುಚ್ಚಿದ. ಇಡೀ ಮೈದಾನ ಕೂಗಿತು. ಬಿರುಕು ಬಿಟ್ಟ ಆ ಅಂಗೈಯಲ್ಲಿ ನಡುಕ ಸಣ್ಣಗೆ ಹುಟ್ಟಿ ಮಣಿಕಟ್ಟಿನವರೆಗೆ ಹತ್ತಿತು. ಅವನು ಅಲ್ಲಾಡದೆ ನಿಂತು ಅದನ್ನು ಕೊನೆಯವರೆಗೂ ಹಿಡಿದುಕೊಂಡಿದ್ದ.